ಹಡಗು ನೋಡದೆ ಇನ್ಮೇಲೆ ಕೊಟೇಶನ್ ಕೊಡಲ್ಲ, ಯಾಕೆ ಅಂತ ದಯವಿಟ್ಟು ಓದಿ

ವಸಂತನರಸಾಪುರದಿಂದ ಎಲ್ಲಾ ಗ್ರಾಹಕರಿಗೂ ನಮಸ್ಕಾರ,

ಮುಂದಿನ ತಿಂಗಳಿಂದ ಬ್ಯಾಲಾಸ್ಟ್ ವಾಟರ್ (ಹಡಗು ಸಮತೋಲದಲ್ಲಿ ನಿಲ್ಲೋಕೆ ಟ್ಯಾಂಕಲ್ಲಿ ತುಂಬಿಸೋ ನೀರು) ಶುದ್ಧ ಮಾಡೋ ಸಿಸ್ಟಮ್‌ಗೆ ಫೋನಲ್ಲಿ, ವಾಟ್ಸಾಪಲ್ಲಿ ರೇಟ್ ಹೇಳೋದು ನಿಲ್ಲಿಸ್ತಿದ್ದೀವಿ. ಮೊದ್ಲು ನಮ್ಮ ಹುಡುಗ್ರು ಹಡಗು ಹತ್ತಿ ನೋಡ್ತಾರೆ, ಅದಕ್ಕೆ ಸರ್ವೆ ಚಾರ್ಜ್ ಇರುತ್ತೆ, ಆರ್ಡರ್ ಆದ್ರೆ ಬಿಲ್ಲಲ್ಲಿ ಅಷ್ಟೂ ಕಳೀತೀವಿ. ಹೀಗೆ ದಿಢೀರ್ ಅಂತ ಹೇಳ್ತಿರೋದಕ್ಕೆ ಕ್ಷಮೆ ಇರಲಿ.

ಸರ್ವೆ ಹೆಸರಲ್ಲಿ ದುಡ್ಡು ಮಾಡ್ತಾರೆ ಅಂತ ಒಬ್ರು ಅಂದ್ರಂತೆ, ಕೇಳಿ ಬೇಜಾರಾಯ್ತು. ಇಬ್ರು ರಾತ್ರಿ ಬಸ್ಸಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗ್ಬೇಕು, ಬಂದರಿನ ಪಾಸ್ ಮಾಡಿಸ್ಬೇಕು, ಹಡಗು ಒಂದು ದಿನ ಲೇಟಾದ್ರೆ ಲಾಡ್ಜು, ಊಟ, ಆ ದಿನದ ಸಂಬಳ. ಇಷ್ಟು ವರ್ಷ ಹೋದಾಗೆಲ್ಲ ನಾವೇ ಹಾಕ್ಕೊಂಡಿದ್ದೀವಿ, ಒಬ್ರಿಗೂ ಬಿಲ್ ಕಳಿಸಿಲ್ಲ.

ಎಲ್ರೂ ಕೇಳೋದು ಒಂದೇ, "ಪಂಪು ಗಂಟೆಗೆ 250 ಕ್ಯೂಬಿಕ್ ಮೀಟರ್ ಅಂತ ಹೇಳಿದ್ವಲ್ಲ, ಇನ್ನೇನ್ ನೋಡೋದಿದೆ?" ಸರ್, ಪಂಪ್ ಲೆಕ್ಕದಿಂದ ಸೈಜ್ ಗೊತ್ತಾಗುತ್ತೆ, ಯುವಿನಾ (ಬೆಳಕಿಂದ ನೀರಿನ ಜೀವಿಗಳನ್ನ ಕೊಲ್ಲೋದು) ಎಲೆಕ್ಟ್ರೋಕ್ಲೋರಿನೇಷನ್ನಾ (ಕರೆಂಟಿಂದ ಕ್ಲೋರಿನ್ ಮಾಡಿ ಕೊಲ್ಲೋದು) ಅಂತ ಗೊತ್ತಾಗಲ್ಲ, ಅದು ನೀವು ಯಾವ ಬಂದರಲ್ಲಿ ನೀರು ತುಂಬಿಸ್ತೀರಿ ಅನ್ನೋದ್ರ ಮೇಲೆ. ಹೂಗ್ಲಿ ನದಿ ನೀರು ಮೊದಲ ಮಳೆಗೆ ನಮ್ಮ ಕೆರೆಗೆ ಬರೋ ಹೊಸ ನೀರಿನ ಥರ ಬಗ್ಗಡ, ಯುವಿ ಬೆಳಕು ಸರಿಯಾಗಿ ತೂರಲ್ಲ, ಪಂಪ್ ನಿಧಾನ ಮಾಡ್ಬೇಕು, ಫಿಲ್ಟರ್ ಕಟ್ಟಿಕೊಂಡು ಮತ್ತೆ ಮತ್ತೆ ತನ್ನನ್ನೇ ತೊಳ್ಕೊಳ್ಳೋ ಬ್ಯಾಕ್‌ವಾಶ್‌ಗೆ ಹೋಗುತ್ತೆ. ಸರಿ ಎಲೆಕ್ಟ್ರೋಕ್ಲೋರಿನೇಷನ್ ಹಾಕೋಣ ಅಂದ್ರೆ ಅದು ನೀರಲ್ಲಿರೋ ಉಪ್ಪಿಂದಲೇ ಕ್ಲೋರಿನ್ ಮಾಡ್ಕೊಳ್ಳೋದು, ಕೋಲ್ಕತ್ತ ತನಕ ಮೇಲೆ ಹೋದ್ರೆ ಸಿಹಿನೀರು, ಒಂದು ಟ್ಯಾಂಕಲ್ಲಿ ಸಮುದ್ರದ ನೀರು ಹೊತ್ಕೊಂಡು ಹೋಗ್ಬೇಕಾಗುತ್ತೆ. ಜೊತೆಗೆ ಕ್ಲೋರಿನ್ ಮಾಡುವಾಗ ಹುಟ್ಟೋ ಹೈಡ್ರೋಜನ್ ಗ್ಯಾಸ್ ಹೊರಗೆ ಬಿಡೋ ಪೈಪ್ ಎಲ್ಲಿ ತರೋದು, ಜನರೇಟರಲ್ಲಿ ಎಷ್ಟು ಲೋಡ್ ಉಳಿದಿದೆ, ಇದೆಲ್ಲ ಇಂಜಿನ್ ರೂಮಲ್ಲಿ ನಿಂತು ನೋಡ್ದೆ ಹೆಂಗ್ ಹೇಳೋದು.

ಒಂದು ಹಡಗಿಗೆ ಫೋನಲ್ಲೇ ಕೇಳಿ ಯುವಿ ಕೊಟ್ವಿ, ರೂಟ್ ಕೇಳಲಿಲ್ಲ. ಅದೇ ಹೂಗ್ಲಿ ದಡದ ಹಲ್ದಿಯಾ ಬಂದರಲ್ಲಿ ನೀರು ತುಂಬೋಕೆ ಎರಡರಷ್ಟು ಹೊತ್ತು ಹಿಡೀತು. ಆ ತಪ್ಪು ನಮ್ಮದೇ, ಫಿಲ್ಟರ್ ನಮ್ಮ ಖರ್ಚಲ್ಲೇ ಬದಲಾಯಿಸಿಕೊಟ್ವಿ. ಅಂತರರಾಷ್ಟ್ರೀಯ ಬ್ಯಾಲಾಸ್ಟ್ ನೀರಿನ ನಿಯಮದ 2024 ಸೆಪ್ಟೆಂಬರ್ 8ರ ಗಡುವೂ ಮುಗಿದಿದೆ, ಹೊರಗೆ ಬಿಡೋ ಒಂದು ಕ್ಯೂಬಿಕ್ ಮೀಟರ್ ನೀರಲ್ಲಿ 50 ಮೈಕ್ರಾನ್ ಮೇಲಿನ ಬದುಕಿರೋ ಜೀವಿಗಳು 10ಕ್ಕಿಂತ ಕಮ್ಮಿ ಇರ್ಲೇಬೇಕು, ಅಂದಾಜಲ್ಲಿ ಕೊಟ್ಟು ಸ್ಯಾಂಪಲ್ ಫೇಲಾದ್ರೆ ನಿಂತ್ಕೊಳ್ಳೋದು ನಿಮ್ಮ ಹಡಗು.

ಈಗಾಗ್ಲೇ ಕೊಟ್ಟಿರೋ ಕೊಟೇಶನ್‌ಗೆ ಅದೇ ರೇಟು. ಲ್ಯಾಂಪ್, ಫಿಲ್ಟರ್ ಸ್ಪೇರ್‌ಗೆ ಏನೂ ಬದಲಾವಣೆ ಇಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಬಂದ್ರೂ ಎತ್ತೋದು ನಾನೇ. ನಮ್ಮವರು ಬರೋ ಮುಂಚೆ ಬ್ಯಾಲಾಸ್ಟ್ ರೆಕಾರ್ಡ್ ಬುಕ್ಕಿನ ಕಳೆದ ಒಂದು ವರ್ಷದ ಪುಟಗಳ ಫೋಟೋ ಕಳಿಸಿಡಿ, ಅರ್ಧ ಕೆಲಸ ಅಲ್ಲೇ ಆಗುತ್ತೆ.