ಒಗೆಯದೇ ಇಟ್ಟ ಕವಂದಿ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಮತ್ತೆ ಶಾಲೆಗೆ ಹೋಗ್ತಾ ಇದೀನಿ. ಚೌತಿ ಮುಗಿದ ವಾರ ಮನೆ ಬಿಟ್ಟೋಳು ಡಿಸೆಂಬರ್ ಚಳೀಲಿ ಬೋರ್ಡ್ ಮುಂದೆ ನಿಂತೆ, ಕೈ ನಡುಗ್ತಿತ್ತು, ಆದ್ರೂ ನಿಂತೆ. ಏನಾಗಿತ್ತು, ಎಷ್ಟು ಸಲ ಆಪರೇಷನ್ ಆಯ್ತು ಅನ್ನೋದೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಮತ್ತೆ ಬರೆಯೋ ಮನಸ್ಸಿಲ್ಲ. ಥ್ಯಾಂಕ್ಸ್ ಹೇಳೋದು ಮಾತ್ರ ಬಾಕಿ ಇತ್ತು. ಫೋನಲ್ಲಿ ಹೇಳೋಕೆ ಹೋದ್ರೆ ಗಂಟಲು ಕಟ್ತದೆ, ಅದಕ್ಕೇ ಬರೀತಿದೀನಿ.

ರಕ್ತ ಕೊಟ್ಟ ಹುಡುಗ್ರು, ಆ ಮಳೇಲಿ ಘಟ್ಟ ಇಳಿಸಿ ಜಿಲ್ಲೆ ದಾಟಿಸಿದ ಆಂಬುಲೆನ್ಸ್ ಡ್ರೈವರಣ್ಣ (ನಮ್ಮ ಉತ್ತರ ಕನ್ನಡದೋರಿಗೆ ಕಾಯಿಲೆ ದೊಡ್ಡದು ಅಂತ ಗೊತ್ತಾದ ಕೂಡ್ಲೇ ಮಣಿಪಾಲವೋ ಹುಬ್ಬಳ್ಳಿಯೋ ಗೋವಾವೋ ಅಂತ ದಿಕ್ಕು ಆರಿಸ್ಕೊಳ್ಳೋದೇ ಮೊದಲ ಕೆಲಸ, ಇದು ಯಾವತ್ತು ಬದಲಾಗ್ತದೋ), ನನ್ನ ಕ್ಲಾಸನ್ನೂ ಸೇರಿಸಿ ಎರಡೆರಡು ಕ್ಲಾಸ್ ಹಿಡಿದ ನಮ್ಮ ಮಾಸ್ತರು, ಒಂದೆಲಗದ ತಂಬುಳಿ, ಕುಚ್ಚಲಕ್ಕಿ ಗಂಜಿ ಕಳಿಸಿದ ಕೇರಿಯೋರು, ಮಾರಿಕಾಂಬೆಗೆ ಹರಕೆ ಹೊತ್ತ ಅತ್ತೆ, ನಿಮಗೆಲ್ಲ ಕೈ ಮುಗೀತೀನಿ. ಇವರಿಗೆ, ಅಂದ್ರೆ ನನ್ನ ಯಜಮಾನರಿಗೆ, ಇಲ್ಲಿ ಥ್ಯಾಂಕ್ಸ್ ಹೇಳಿದ್ರೆ ಬೈತಾರೆ, ಅದು ಮನೇಲಿ ಹೇಳ್ಕೊಳ್ತೀನಿ.

ಈಗ ಅವಳ ಬಗ್ಗೆ. ಹೆಸರು ಹಾಕ್ಬೇಡ ಅಂದಿದಾಳೆ, ಹಾಕೋದಿಲ್ಲ. ನನ್ನ ಡಿ.ಎಡ್. ಹಾಸ್ಟೆಲ್ ರೂಮ್‌ಮೇಟು, ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ, ಈಗ ನನ್ನ ಹಾಗೇ ಅಕ್ಕೋರು. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ ಸುದ್ದಿ ಪೇಪರಲ್ಲಿ ಬಂದಾಗ ಆ ಪೇಪರ್ ಹಿಡ್ಕೊಂಡು ಮೆಟ್ಟಿಲು ಹತ್ತಿ ಓಡಿ ಬಂದಿದ್ಲು, ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳ ಹತ್ರ ಆಗ್ಲೇ ಒಂದು ಕೌದಿ ಇತ್ತು, ಅವರ ಮನೇಲಿ ಕವಂದಿ ಅಂತಾರೆ. ಹಾಸ್ಟೆಲ್ಲಿಗೆ ಹೊರಟಾಗ ಅವಳ ಅಮ್ಮ ಹೊಲ್ಕೊಟ್ಟಿದ್ದು. ಶಿರಸಿಯ ಚಳೀಲಿ ನಾವಿಬ್ರೂ ಅದರೊಳಗೇ ಮಲಗಿ ಓದಿದ್ವಿ.

ಎರಡನೇ ಆಪರೇಷನ್ ಆದ ರಾತ್ರಿ. ಇವರು ಐದು ರಾತ್ರಿ ನಿದ್ದೆಗೆಟ್ಟು ಜ್ವರ ಬಂದು ಲಾಡ್ಜಲ್ಲಿ ಮಲಗಿಬಿಟ್ಟಿದ್ರು, ಮಗಳು ಧಾರವಾಡದಲ್ಲಿ ಪರೀಕ್ಷೆ ಬರೀತಿದ್ಲು. ಯಾರೋ ನನ್ನ ಈ ಗೆಳತಿಗೆ ಫೋನ್ ಮಾಡಿದಾರೆ. ಎರಡು ಬಸ್ ಬದಲಿಸಿ ರಾತ್ರಿ ಒಂಬತ್ತೂವರೆಗೆ ವಾರ್ಡಿನ ಬಾಗ್ಲಲ್ಲಿ ನಿಂತಿದ್ಲು, ಹೆಗಲ ಮೇಲೆ ಒಂದು ಅಕ್ಕಿ ಚೀಲ. ಚೀಲದಲ್ಲಿ ಅದೇ ಕವಂದಿ. ಹೊರಗಿನ ಹೊದಿಕೆ ಒಳಗೆ ತರೋ ಹಾಗಿಲ್ಲ ಅಂದ್ರು, ಅದು ಅವರ ನಿಯಮ, ತಪ್ಪಲ್ಲ. ಇವಳು ಬಾಗ್ಲಲ್ಲೇ ನಿಂತು, ಗಾಯದ ಹತ್ರ ತರೋದಿಲ್ಲ, ಕಾಲ ಮೇಲೆ ಮಾತ್ರ ಹಾಕ್ತೀನಿ ಅಂತ ಒಪ್ಪಿಸಿದ್ಲು. ರಾತ್ರಿ ಡ್ಯೂಟಿಯ ಆ ಸಿಸ್ಟರಿಗೂ ನನ್ನ ನಮಸ್ಕಾರ.

ಆ ರಾತ್ರಿ ನಾನು ಏನೇನು ಮಾತಾಡ್ದೆ ಅಂತ ಅವಳಿಗೆ ಮಾತ್ರ ಗೊತ್ತು. ಸಾಕು ಮಾರಾಯ್ತಿ, ನನ್ನ ಬಿಟ್ಬಿಡಿ, ನನಗೆ ಬೇಡ ಅಂದಿದ್ದು ನನಗೂ ನೆನಪಿದೆ. ಹಂಗನ್ನಬೇಡ ಅಂತಾನೂ ಅವಳು ಅನ್ಲಿಲ್ಲ, ಧೈರ್ಯ ತಗೋ ಅಂತಾನೂ ಅನ್ಲಿಲ್ಲ. ನನ್ನ ಕೈ ತಗೊಂಡು ಕವಂದಿಯ ಮೇಲಿಟ್ಲು. ಬರೀ ಹೊಲಿಗೆ. ಅಕ್ಕಿ ಕಾಳಿನಷ್ಟುದ್ದದ ಹೊಲಿಗೆ, ಸಾಲು ಸಾಲು, ಕಣ್ಣು ಮುಚ್ಚಿದ್ರೂ ಬೆರಳಿಗೆ ದಾರಿ ಸಿಗ್ತದೆ. "ಇದು ಮೂಲೆಯಿಂದ ಶುರು, ಅಂಚು ಸುತ್ತಿ ಸುತ್ತಿ ನಡುಮಧ್ಯಕ್ಕೆ ಬರ್ತದೆ, ನೀನೂ ಹಂಗೇ ಬಾ" ಅಂದ್ಲು. ನಾಲ್ಕು ಮೂಲೆಗೂ ಮಡಿಚಿದ ಸಣ್ಣ ತ್ರಿಕೋನದ ಬಟ್ಟೆ, ಅದಕ್ಕೆ ಫುಲಾ ಅಂತಾರೆ, ಅಂದ್ರೆ ಹೂವು. ಫುಲಾ ಇಲ್ದಿದ್ರೆ ಕವಂದಿ ಬತ್ತಲೆ ಅಂತ ಅವರ ಕಡೆ ಮಾತು. ನಾನು ಒಂದು ಫುಲಾ ಹೆಬ್ಬೆರಳು, ತೋರುಬೆರಳ ನಡುವೆ ಹಿಡ್ಕೊಂಡು ಬೆಳಗಿನವರೆಗೂ ಬಿಡ್ಲಿಲ್ಲವಂತೆ. ಮಧ್ಯರಾತ್ರಿ ಯಾವಾಗ್ಲೋ ಎಚ್ಚರಾದಾಗ ಅವಳ ಕೈ ಒಂದು ನೀಲಿ ಚೌಕುಳಿ ತೇಪೆ ಮೇಲೆ ಇತ್ತು. ಏನದು ಅಂದೆ. "ಅಪ್ಪನ ಲುಂಗಿ. ಅವ್ರು ಹೋದ ವರ್ಷ ಅಮ್ಮ ಇದರ ಮೇಲೇ ಸೇರಿಸಿದ್ಲು" ಅಂದ್ಲು. ಆಗ ಗೊತ್ತಾಯ್ತು, ಅವಳು ತಂದಿದ್ದು ಹೆಚ್ಚಾಗಿ ಬಿದ್ದಿರೋ ಹೊದಿಕೆ ಅಲ್ಲ. ಅವಳು ದಿನಾ ಹೊದ್ದು ಮಲಗೋದನ್ನೇ ಎತ್ಕೊಂಡು ಬಂದಿದ್ಲು.

ವಾಸನೆ ಬಗ್ಗೆ ಹೇಳ್ಲೇಬೇಕು. ಆಸ್ಪತ್ರೇಲಿ ಎಲ್ಲಕ್ಕೂ ಫಿನಾಯಿಲ್ ವಾಸನೆ, ನನ್ನ ಕೂದಲಿಗೂ. ಕವಂದಿಗೆ ಮಾತ್ರ ಒಲೆ ಹೊಗೆ, ಬಿಸಿಲು, ಅವಳ ತಲೆಯ ಕೊಬ್ರಿ ಎಣ್ಣೆ. ಹೊರಡೋ ಮುಂಚೆ ಬಿಸಿಲಿಗೆ ಹಾಕಿದ್ಲಂತೆ, ಒಗೆದಿರ್ಲಿಲ್ಲ, "ಒಗೆದ್ರೆ ಮನೆ ಹೋಗಿಬಿಡ್ತದೆ" ಅಂದ್ಲು. ಮನೆಗೆ ಬಂದ ಮೇಲೆ ಇದನ್ನ ಮಗಳಿಗೆ ಹೇಳಿದೆ, ಅವಳು ಸೈಕಾಲಜಿ ಓದ್ತಿರೋದು. ಇಂಗ್ಲೆಂಡಿನ ಮಕ್ಕಳ ಡಾಕ್ಟರು ಡೊನಾಲ್ಡ್ ವಿನಿಕಾಟ್ 1953ರಲ್ಲೇ ಇದನ್ನ ಬರೆದಿದಾರೆ ಆಯಿ ಅಂದ್ಲು. ಮಕ್ಕಳು ಬಿಡದೇ ಹಿಡ್ಕೊಂಡಿರೋ ಬಟ್ಟೆ ತುಂಡು, ಗೊಂಬೆ, ಎಷ್ಟೇ ಗಲೀಜಾದ್ರೂ ತಾಯಂದ್ರು ಅದನ್ನ ಹಾಗೇ ಇರೋಕೆ ಬಿಡ್ತಾರಂತೆ, ಯಾಕಂದ್ರೆ ಒಗೆದ್ರೆ ಮಗುವಿಗೆ ಏನೋ ಕಡಿದು ಹೋಗ್ತದೆ ಅಂತ ಅವರಿಗೆ ಗೊತ್ತು. ಅಮೆರಿಕದ ಸೈಕಾಲಜಿಸ್ಟ್ ಹ್ಯಾರಿ ಹಾರ್ಲೋನ ಕೋತಿಮರಿಗಳ ವಿಷಯಾನೂ ಓದಿ ಹೇಳಿದ್ಲು. 1958ರಲ್ಲಿ ಪ್ರಕಟವಾದ ಪ್ರಯೋಗ. ಹಾಲಿನ ಬಾಟ್ಲಿ ಇದ್ದ ತಂತಿಯ ತಾಯಿ ಒಂದು, ಹಾಲಿಲ್ಲದ ಬಟ್ಟೆಯ ತಾಯಿ ಒಂದು. ಮರಿ ಹಸಿವಾದಾಗ ತಂತಿಯ ಹತ್ರ ಹೋಗಿ ಕುಡಿದು ವಾಪಸ್ ಬಟ್ಟೆಯನ್ನೇ ತಬ್ಬಿಕೊಳ್ತಿತ್ತಂತೆ.

ಅದು ಕೇಳಿ ನಾನು ಅತ್ತೆ. ಕಾಯಿಲೆಗೆ ಅತ್ತಿದ್ದಲ್ಲ ಅದು. ನನ್ನ ನಲಿಕಲಿ ಕ್ಲಾಸಲ್ಲಿ ಒಂದನೇತ್ತಿಯ ಒಬ್ಬ ಹುಡುಗ ಇದಾನೆ. ಜೂನಲ್ಲಿ ಅವನ ಆಯಿಯ ಹಳೇ ನೈಟಿಯ ತುಂಡು ಕಿಸೆಲಿ ಇಟ್ಕೊಂಡು ಬರ್ತಿದ್ದ. ಶಾಲೆಗೆ ಇದೆಲ್ಲ ತರಬಾರದು ತಮಾ ಅಂತ ತಗೊಂಡು ಬೀರಿನಲ್ಲಿಟ್ಟೆ. ಅವನು ಅಳ್ಲಿಲ್ಲ, ಅದಕ್ಕೇ ನಾನು ಸರಿ ಮಾಡಿದೆ ಅಂದ್ಕೊಂಡೆ. ಅಂಗಿಯ ಅಂಚನ್ನ ಬೆರಳಲ್ಲಿ ಉಜ್ತಾ ಕೂತಿರ್ತಿದ್ದ, ಅಲ್ಲಿ ನೂಲು ಬಿಟ್ಟುಹೋಗಿತ್ತು, ನಾನು ನೋಡಿದ್ದೆ, ನೋಡಿಯೂ ಏನೂ ಮಾಡ್ಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದೋಳು ನಾನು.

ಸೋಮವಾರ ಮೊದಲು ಮಾಡಿದ ಕೆಲಸ ಬೀರು ತೆಗೆದಿದ್ದು. ತುಂಡು ಅಲ್ಲೇ ಇತ್ತು, ಚಾಕ್‌ಪೀಸ್ ಡಬ್ಬಿ ಕೆಳಗೆ. ಅವನನ್ನ ಕರೆದು ಕೊಟ್ಟು, ತಪ್ಪಾಯ್ತು ತಮಾ ಅಂದೆ. ಅವನು ಮೂಗಿಗೆ ಹಿಡಿದು ನೋಡಿ, "ಚಾಕ್‌ಪೀಸ್ ವಾಸ್ನೆ ಬತ್ತು ಅಕ್ಕೋರೆ" ಅಂದ. ಆಮೇಲೆ ಮಡಿಚಿ ಕಿಸೆಗೆ ಹಾಕ್ಕೊಂಡ. ಸಂಜೆ ಅವನ ಆಯಿಗೆ ಹೇಳಿ ಕಳಿಸಿದೆ, ರಾತ್ರಿ ನಿಮ್ಮ ದಿಂಬಿನ ಕೆಳಗಿಟ್ಕೊಂಡು ಮಲಗಿ ಅಂತ. ನಿನ್ನೆ ಅವನು ಅದನ್ನ ತಂದಿದ್ದ. ತರಲಿ.

ಕವಂದಿ ಇನ್ನೂ ನಮ್ಮನೇಲೇ ಇದೆ. ಗೆಳತಿ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಯಲ್ಲಾಪುರದ ಕಡೆ ಚಳಿ ಜೋರು ಬಿದ್ದಿದೆ, ನಿನಗೆ ಹೊದಿಯೋಕೆ ಬೇಕು, ಈ ರವಿವಾರ ನಾನೇ ತಗೊಂಡು ಬರ್ತೀನಿ. ಒಗೆದಿಲ್ಲ.

ಇನ್ನು ಒಂದು ವಿಷಯ. ಗಂಜಿ, ಸಾರು ಕಳಿಸಿದೋರ ಡಬ್ಬಿಗಳೆಲ್ಲ ತಿರುಗಿ ಕೊಟ್ಟಾಯ್ತು, ಒಂದು ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಮಾತ್ರ ಉಳಿದಿದೆ, ಹಿಡಿಕೆಗೆ ಕೆಂಪು ದಾರ ಸುತ್ತಿದೆ. ಯಾರದ್ದು ಅಂತ ಇವರಿಗೂ ನೆನಪಿಲ್ಲ. ನಿಮ್ಮದಾದ್ರೆ ಬಂದು ತಗೊಂಡು ಹೋಗಿ. ಬಂದೋರು ಚಾ ಕುಡಿದೇ ಹೋಗ್ಬೇಕು.