ಕರಗದೆ ಉಳಿದ ಬೆಳ್ಳಿ ಡಾಲರ್
ಮಾನ್ಯರೇ,
ಹಳೆಯ ಅಮೆರಿಕನ್ ನಾಣ್ಯಗಳ ಸಂಗ್ರಾಹಕರು ಹೊಸ ಸೇರ್ಪಡೆಗಳನ್ನು ಪರಸ್ಪರ ತೋರಿಸಿಕೊಳ್ಳುವಾಗ ಮಾತೆಲ್ಲ ಬೆಲೆಯಲ್ಲೇ ಮುಗಿಯುತ್ತದೆ ಎಂಬುದು ನನ್ನ ಆಕ್ಷೇಪ. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಟಂಕಿಸಿದ ಮಾರ್ಗನ್ ಡಾಲರನ್ನೇ ನೋಡಿ: ಶೇ 90ರಷ್ಟು ಬೆಳ್ಳಿಯ, 26.73 ಗ್ರಾಂ ತೂಕದ ಈ ನಾಣ್ಯದ ಹಿಂಬದಿಯಲ್ಲಿ, ಹದ್ದಿನ ಕೆಳಗಿನ ಎಲೆಮಾಲೆಯಡಿ ‘ಸಿಸಿ’ ಎಂಬ ಪುಟ್ಟ ಅಕ್ಷರಗಳಿದ್ದರೆ ಅದು ನೆವಾಡದ ಕಾರ್ಸನ್ ಸಿಟಿ ಟಂಕಸಾಲೆಯದು. ಅಮೆರಿಕದ 1918ರ ಪಿಟ್‌ಮನ್ ಕಾಯ್ದೆಯಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಲಾಯಿತು. ಅದರ ಬಹುಪಾಲನ್ನು ಬ್ರಿಟನ್ ಕೊಂಡದ್ದು ಭಾರತದ ರೂಪಾಯಿ ಟಂಕಿಸಲು. ನಮ್ಮ ಅಜ್ಜಿಯರ ಪೆಟ್ಟಿಗೆಯ ಐದನೇ ಜಾರ್ಜ್ ರೂಪಾಯಿಯಲ್ಲಿ ಆ ಬೆಳ್ಳಿ ಇದ್ದರೂ ಇರಬಹುದು! ಆದ್ದರಿಂದ ತೋರಿಸುವವರು ಇಸವಿ, ಟಂಕಸಾಲೆಯ ಗುರುತು, ತೂಕಗಳನ್ನೂ ತಿಳಿಸಲಿ; ಹುಣಸೆಹಣ್ಣು ಹಾಕಿ ಉಜ್ಜುವುದನ್ನಂತೂ ಬಿಡಲಿ, ಉಜ್ಜಿದ ನಾಣ್ಯಕ್ಕೆ ಬಲ್ಲವರು ಬೆಲೆ ಇಳಿಸುತ್ತಾರೆ.
– ನಾಣ್ಯಾಸಕ್ತ, ಮೈಸೂರು