ಇಮೇಲ್ ಯಾರದು? ಉತ್ತರ ತಿದ್ದಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ 'ಇಮೇಲ್ ಕಂಡುಹಿಡಿದವರು ಯಾರು?' ಎಂಬ ಪ್ರಶ್ನೆಗೆ 'ಭಾರತ ಮೂಲದ ಶಿವ ಅಯ್ಯಾದುರೈ' ಎಂದು ಉತ್ತರ ಕೊಟ್ಟಿದ್ದೀರಿ. ವಾಟ್ಸ್‌ಆ್ಯಪ್‌ನಲ್ಲಿ ಈ ಮಾತು ವರ್ಷಗಳಿಂದ ಸುತ್ತುತ್ತಿದೆ. ಅಲ್ಲಿ ಬಂದರೆ ಅಳಿಸಿ ಸುಮ್ಮನಾಗಬಹುದು. ಪತ್ರಿಕೆಯಲ್ಲಿ ಬಂದದ್ದನ್ನು ಮಕ್ಕಳು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ. ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಕೂರುವವರು ಬಾಯಿಪಾಠ ಮಾಡುತ್ತಾರೆ. ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸಿದ ನನಗೆ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಅಯ್ಯಾದುರೈ ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. 1978ರಲ್ಲಿ, ಇನ್ನೂ 14ರ ಹುಡುಗನಾಗಿದ್ದಾಗ, ನ್ಯೂಜೆರ್ಸಿಯ ವೈದ್ಯಕೀಯ ವಿಶ್ವವಿದ್ಯಾಲಯವೊಂದರ ಕಚೇರಿ ಪತ್ರವ್ಯವಹಾರಕ್ಕೆಂದು ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅವರು ಪ್ರೋಗ್ರಾಂ ಬರೆಯತೊಡಗಿದರು. ಅದಕ್ಕೆ 'ಇಮೇಲ್' ಎಂದೇ ಹೆಸರಿಟ್ಟು 1982ರಲ್ಲಿ ಅಮೆರಿಕದಲ್ಲಿ ಕೃತಿಸ್ವಾಮ್ಯ ಪಡೆದರು. ನನ್ನ ತರಗತಿಯಲ್ಲಿ ಅಂಥ ವಿದ್ಯಾರ್ಥಿ ಇದ್ದಿದ್ದರೆ ಹೆಮ್ಮೆಪಡುತ್ತಿದ್ದೆ. ಆದರೆ ಕೃತಿಸ್ವಾಮ್ಯ ಸಿಗುವುದು ಬರೆದ ಪ್ರೋಗ್ರಾಮಿಗೆ, ಅದರ ಹಿಂದಿನ ಕಲ್ಪನೆಗಲ್ಲ. ಅಡುಗೆ ಪುಸ್ತಕ ಬರೆದು ಹಕ್ಕು ಪಡೆದವರನ್ನು ನಾವು ಅಡುಗೆ ಕಂಡುಹಿಡಿದವರು ಎನ್ನುತ್ತೇವೆಯೇ?

1978ಕ್ಕಿಂತ ಮೊದಲೇ ಏನೇನಿತ್ತು ನೋಡಿ. 1965ರಲ್ಲಿ ಅಮೆರಿಕದ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿಯ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ 'ಮೇಲ್' ಎಂಬ ಆದೇಶವನ್ನು (ಕಮಾಂಡ್) ಬರೆದರು. ಒಂದೇ ದೊಡ್ಡ ಕಂಪ್ಯೂಟರನ್ನು ಹಂಚಿಕೊಂಡಿದ್ದವರು ಅದರಿಂದ ಒಬ್ಬರಿಗೊಬ್ಬರು ಓಲೆ ಬಿಡುತ್ತಿದ್ದರು. 1971ರಲ್ಲಿ ರೇ ಟಾಮ್ಲಿನ್ಸನ್, ಇಂದಿನ ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್ ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಳಕೆದಾರನ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ನಾವು ಇಂದಿಗೂ ಒತ್ತುವ 'ಅಟ್' (@) ಗುರುತನ್ನು ಇಟ್ಟವರು ಅವರೇ. 1975ರಲ್ಲಿ ಜಾನ್ ವಿಟ್ಟಲ್ ಬರೆದ ಪ್ರೋಗ್ರಾಮಿನಲ್ಲಿ, ಬಂದ ಪತ್ರಕ್ಕೆ ವಿಳಾಸ ಮತ್ತೆ ಟೈಪಿಸದೆ ಉತ್ತರಿಸುವ 'ರಿಪ್ಲೈ' ಸೌಲಭ್ಯವಿತ್ತು. 1977ರ ನವೆಂಬರಿನಲ್ಲಿ, 'ಟು', 'ಸಿಸಿ', 'ಸಬ್ಜೆಕ್ಟ್' ಎಂಬ ತಲೆಬರಹಗಳು ಹೇಗಿರಬೇಕೆಂಬ ವಿವರವಾದ ನಿಯಮಾವಳಿ ಹೊರಬಂತು.

ಆದ್ದರಿಂದ ಒಂದು ಹೆಸರು ಹೊಡೆದು ಅಲ್ಲಿ 'ಟಾಮ್ಲಿನ್ಸನ್' ಎಂದು ಬರೆದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಯಂತ್ರದಿಂದ ಯಂತ್ರಕ್ಕೆ ಅಂಚೆ ದಾಟಿಸಿದ್ದು ಅವರ ಪಾಲು, ಅದು ದೊಡ್ಡ ಪಾಲು. ಉಳಿದವರ ಪಾಲೂ ಅದರ ಪಕ್ಕದಲ್ಲೇ ಇದೆ.

ಈ ವಿಷಯ ಎತ್ತಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: 'ಮೇಡಂ, ಅವನು ಭಾರತೀಯ, ಕಪ್ಪು ಹುಡುಗ, ಅದಕ್ಕೇ ಬಿಳಿಯರು ಒಪ್ಪುತ್ತಿಲ್ಲ.' ಇದನ್ನು ನಾನು ತಳ್ಳಿಹಾಕುವುದಿಲ್ಲ. ವಿಜ್ಞಾನದ ಚರಿತ್ರೆಯಲ್ಲಿ ಅಂಥ ಅನ್ಯಾಯ ಬೇಕಾದಷ್ಟು ನಡೆದಿದೆ. ಆದರೆ ಇಲ್ಲಿ ಆ ವಾದ ನಿಲ್ಲುವುದಿಲ್ಲ. ಯಾಕೆಂದರೆ ಇಮೇಲಿನ ಕಥೆಯಲ್ಲಿ ಒಬ್ಬ ಭಾರತೀಯ ಮೊದಲಿನಿಂದಲೂ ಇದ್ದಾರೆ, ದಾಖಲೆಯಲ್ಲಿ ಅವರ ಹೆಸರು ಅಚ್ಚಾಗಿದೆ, ಅದನ್ನು ಯಾರೂ ಅಳಿಸಿಲ್ಲ. ಅವರು ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋದವರು. 1971ರ ಏಪ್ರಿಲಿನಲ್ಲಿ, ಕಡತಗಳನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸುವ ನಿಯಮಾವಳಿಯಾದ ಫೈಲ್ ಟ್ರಾನ್ಸ್‌ಫರ್ ಪ್ರೊಟೊಕಾಲ್, ಅಂದರೆ ಎಫ್‌ಟಿಪಿಯ ಮೊದಲ ಕರಡು ಬರೆದವರು. 1972ರಲ್ಲಿ ಅದೇ ಎಫ್‌ಟಿಪಿಗೆ ಅಂಚೆ ಸಾಗಿಸುವ ಆದೇಶಗಳನ್ನು ಸೇರಿಸುವ ಟಿಪ್ಪಣಿ ಬರೆದವರೂ ಅವರೇ. 1980ರ ದಶಕದ ಆರಂಭದಲ್ಲಿ ಅಂಚೆಗೆಂದೇ ರೂಪಿಸಿದ ನಿಯಮಾವಳಿ ಎಸ್‌ಎಂಟಿಪಿ ಬರುವವರೆಗೂ ಜಾಲದ ಅಂಚೆ ಎಫ್‌ಟಿಪಿಯ ಹೆಗಲೇರಿಯೇ ಓಡಾಡಿತು. 1973ರಲ್ಲಿ ಪತ್ರದ ತಲೆಬರಹಗಳನ್ನು ಏಕರೂಪಕ್ಕೆ ತರುವ ಪ್ರಸ್ತಾವಕ್ಕೆ ಭೂಷಣ್ ಮತ್ತು ಟಾಮ್ಲಿನ್ಸನ್ ಇತರ ಇಬ್ಬರ ಜೊತೆ ಸೇರಿ ಹೆಸರು ಹಾಕಿದ್ದಾರೆ.

ನಮ್ಮ ಮಕ್ಕಳು ಎಫ್‌ಟಿಪಿಯ ಪೂರ್ಣರೂಪವನ್ನು ಒಂದು ಅಂಕಕ್ಕೆ ಕಣ್ಣುಮುಚ್ಚಿ ಬರೆಯುತ್ತಾರೆ. ಬರೆದವರು ಯಾರು ಎಂದು ಕೇಳಿದರೆ ಇಡೀ ತರಗತಿ ಮೌನ. 'ಮೊದಲಿಗ ನಾನೇ' ಎಂದು ಸಾರಿಕೊಂಡವರ ಹೆಸರು ಮನೆಮನೆ ತಲುಪಿದೆ, ನಾಲ್ವರ ಜೊತೆ ಕೂತು ಕೆಲಸ ಮಾಡಿದವರ ಹೆಸರು ತಲುಪಿಲ್ಲ. ನನಗೆ ನೋವಾಗುವುದು ಇಲ್ಲಿಯೇ.

ಇದು ನನ್ನ ಮಾತು ಎಂದು ನಂಬಬೇಕಿಲ್ಲ. ಆ ಎಂಜಿನಿಯರುಗಳು 1969ರಿಂದ ತಮ್ಮ ಚರ್ಚೆಯನ್ನೆಲ್ಲ 'ಆರ್‌ಎಫ್‌ಸಿ' ಎಂಬ ಟಿಪ್ಪಣಿಗಳಲ್ಲಿ ಬರೆದಿಡುತ್ತ ಬಂದರು. ಪ್ರತಿಯೊಂದಕ್ಕೂ ಸಂಖ್ಯೆ, ತಾರೀಖು, ಬರೆದವರ ಹೆಸರು. ಅವು ಇಂದು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಾನು ಮೇಲೆ ಹೇಳಿದ 1971, 1972, 1973 ಮತ್ತು 1977ರ ದಾಖಲೆಗಳು ಕ್ರಮವಾಗಿ ಆರ್‌ಎಫ್‌ಸಿ 114, 385, 561 ಮತ್ತು 733; ನಿಮ್ಮ ಉಪಸಂಪಾದಕರು ತೆರೆದು ನೋಡಲಿ. ಹತ್ತು ನಿಮಿಷದ ಕೆಲಸ.

ತಿದ್ದಿಕೊಳ್ಳುವುದರಲ್ಲಿ ಸಂಕೋಚವೂ ಬೇಡ. 2012ರಲ್ಲಿ ಅಮೆರಿಕದ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯೂ ಅಯ್ಯಾದುರೈ ಅವರನ್ನು ಇಮೇಲಿನ ಜನಕರೆಂಬಂತೆ ಬರೆದು, ಬಲ್ಲವರು ಆಕ್ಷೇಪಿಸಿದ ಮೇಲೆ ತಿದ್ದುಪಡಿ ಹಾಕಿತು. ಅವರ ಕಾಗದಪತ್ರಗಳನ್ನು ಸ್ವೀಕರಿಸಿದ್ದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಕೂಡ ಸ್ಪಷ್ಟನೆ ಕೊಡಬೇಕಾಯಿತು.

ಒಂದು ವಿನಂತಿ. ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಬೇಡಿ; ಪ್ರಶ್ನೆ ಬಂದ ಅದೇ ವಿದ್ಯಾರ್ಥಿ ಪುಟದಲ್ಲಿ ಹಾಕಿ. ವ್ಯಾನ್ ವ್ಲೆಕ್, ಮಾರಿಸ್, ಟಾಮ್ಲಿನ್ಸನ್, ಭೂಷಣ್, ವಿಟ್ಟಲ್, ಇಷ್ಟು ಹೆಸರನ್ನಾದರೂ ಇಸವಿ ಸಮೇತ ಕೊಡಿ. ಜಾಗ ಸಾಲದಿದ್ದರೆ ನನ್ನ ಪತ್ರದ ಉಳಿದ ಭಾಗವನ್ನು ಕತ್ತರಿಸಿ, ಆ ಸಾಲನ್ನು ಉಳಿಸಿಕೊಳ್ಳಿ.

— ನಿವೃತ್ತ ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕಿ, ತಿಪಟೂರು